ದಕ್ಷಿಣದ ಕಾಲಿನ ಕೆಳಗೆ ಒಂದು ಇಟ್ಟಿಗೆ

೨೦೦೪ರಲ್ಲಿ ನಾನು ಬೈಲಹೊಂಗಲದ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ಹುಟ್ಟೂರು ಕಿತ್ತೂರು, ಆದರೆ ನೌಕರಿಯ ಅಷ್ಟೂ ವರ್ಷ ಬೈಲಹೊಂಗಲದ ಬಾಡಿಗೆ ಮನೆಯಲ್ಲೇ ಕಳೆದವನು. ವಿಭಾಗದಲ್ಲಿ ಇದ್ದವರು ನಾವು ಇಬ್ಬರೇ. ಆದರೂ ಮುಖ್ಯಸ್ಥ ಅಂದರೆ ಮುಖ್ಯಸ್ಥನೇ ಅಲ್ಲವೇ! ಪ್ರಯೋಗಾಲಯದಲ್ಲಿ ನನ್ನ ಮಾತಿಗೆ ಎದುರು ಮಾತಿರಲಿಲ್ಲ. ಅಂದಿನ ಆ ಗತ್ತನ್ನು ನೆನೆದರೆ ಈಗ ನನಗೇ ನಗು ಬರುತ್ತದೆ. ಈ ಪ್ರಸಂಗ ನೆನಪಾದಾಗ ಮಾತ್ರ ನಗು ಬರುವುದಿಲ್ಲ.

ಇದು ಗುರುಪಾದಪ್ಪ ಎಂಬ ಫೋಟೋಗ್ರಾಫರ್ ಒಬ್ಬರ ಕಥೆ. ರಾಮದುರ್ಗ ತಾಲೂಕಿನ ಕಟಕೋಳದವರು. ರಾಮದುರ್ಗದ ಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟುಡಿಯೋ ನಡೆಸಿದವರು. ಮದುವೆ, ಸೀಮಂತ, ಹಾಲ್ ಟಿಕೆಟ್ಟಿನ ಫೋಟೋ, ಹೆಣದ ಫೋಟೋ, ಯಾವುದಕ್ಕೂ ಇಲ್ಲ ಅಂದವರಲ್ಲ. ನನಗೆ ಅವರ ಪರಿಚಯವಾದದ್ದು ೧೯೯೭ರ ಏಪ್ರಿಲ್ ತಿಂಗಳಲ್ಲಿ. ಆಗ ಸಂಜೆಯಾದರೆ ವಾಯವ್ಯದ ಆಕಾಶದಲ್ಲಿ ದೊಡ್ಡ ಧೂಮಕೇತುವೊಂದು ಬರಿಗಣ್ಣಿಗೇ ಕಾಣುತ್ತಿತ್ತು. ಅವರು ಅದರ ಫೋಟೋ ತೆಗೆದು, ರಾಮದುರ್ಗದಿಂದ ಸವದತ್ತಿ ಮೇಲೆ ಹಾಯ್ದು ಬರುವ ಬಸ್ಸು ಹತ್ತಿ, ಪ್ರಿಂಟನ್ನು ಪಂಚಾಂಗದ ನಡುವೆ ಇಟ್ಟುಕೊಂಡು ನೆಟ್ಟಗೆ ನಮ್ಮ ಕಾಲೇಜಿಗೆ ಬಂದಿದ್ದರು.

“ಚುಕ್ಕಿ ಎಲ್ಲಾ ಗೆರಿ ಆಗ್ಯಾವ್ರಿ ಸರ. ನನ್ನ ಕೈ ಅಲಗ್ಯಾಡಿಲ್ಲ, ಸ್ಟ್ಯಾಂಡ್ ಮ್ಯಾಲ ಇಟ್ಟೇ ತಗದೇನಿ. ದುಂಡಗ ಬರಬೇಕಂದ್ರ ಏನ ಮಾಡಬೇಕ್ರಿ?”

ಫೋಟೋ ಚೆನ್ನಾಗಿಯೇ ಇತ್ತು. ಅಲುಗಾಡಿದ್ದು ಅವರ ಕೈಯಲ್ಲ, ಭೂಮಿ ಎಂದು ನಾನು ವಿವರಿಸಿದೆ. ಭೂಮಿ ತಿರುಗುವುದರಿಂದ ಆಕಾಶವೆಲ್ಲ ಧ್ರುವ ನಕ್ಷತ್ರದ ಸುತ್ತ ತಿರುಗಿದಂತೆ ಕಾಣುತ್ತದೆ. ಶಟರ್ ತೆರೆದಿಟ್ಟಷ್ಟು ಹೊತ್ತು ಕ್ಯಾಮೆರಾ ಕೂಡ ಅದೇ ವೇಗದಲ್ಲಿ ಹಿಂದೆಯೇ ತಿರುಗಬೇಕು. ಹಾಗೆ ತಿರುಗಿಸುವ ಸಾಧನಕ್ಕೆ ಮೌಂಟ್ ಎನ್ನುತ್ತಾರೆ. ದೂರದರ್ಶಕ ಅಂದರೆ ಜನ ಕೊಳವೆಯನ್ನು ನೋಡುತ್ತಾರೆ. ಫೋಟೋ ತೆಗೆಯುವವನಿಗೆ ಮಾತ್ರ ಆ ಕೊಳವೆಯನ್ನು ಹೊತ್ತ ಮೌಂಟೇ ಮುಖ್ಯ.

“ಹಂಗಾದ್ರ ಅಂಥಾದ್ದೊಂದು ತರಸ್ರಿ ಮತ್ತ,” ಎಂದರು, ಚಹಾ ತರಿಸಿರಿ ಅಂದಷ್ಟು ಸಲೀಸಾಗಿ.

ಅದು ಬರಲು ಏಳು ವರ್ಷ ಬೇಕಾಯಿತು. ಆ ಏಳು ವರ್ಷದಲ್ಲಿ ಅವರು ವರ್ಷಕ್ಕೆ ಎರಡು ಮೂರು ಬಾರಿಯಾದರೂ ಬಂದು, “ಎಲ್ಲಿಗೆ ಬಂತ್ರಿ ಸರ ನಮ್ಮ ಬಂಡಿ?” ಎಂದು ಕಾಡಿಸಿ ಹೋಗುತ್ತಿದ್ದರು. ೨೦೦೪ರಲ್ಲಿ ಊರಿನ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ತಂದೆಯ ನೆನಪಿಗೆ ಕಾಲೇಜಿಗೆ ದೂರದರ್ಶಕ ಕೊಡಿಸಲು ಒಪ್ಪಿದರು. ಖರೀದಿ ಸಮಿತಿಗೆ ನಾನೇ ಮುಖ್ಯಸ್ಥ. ಮಿಕ್ಕ ಇಬ್ಬರು ಸದಸ್ಯರು ವಾಣಿಜ್ಯ ವಿಭಾಗದವರು. ಹೌದಪ್ಪನ ಚಾವಡಿಯಲ್ಲಿ ಹೌದಪ್ಪಂದಿರೇ ತುಂಬಿದ್ದರು, ಆದ್ದರಿಂದ ಮುಂದಿನ ತಪ್ಪಿನಲ್ಲಿ ಅವರಿಗೆ ಪಾಲಿಲ್ಲ.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಗುರುಪಾದಪ್ಪನವರು ಬಂದಾಗ ಮೇಜಿನ ಬದಿಯಲ್ಲಿದ್ದ ನನ್ನ ಚಹಾದ ಕಪ್ಪನ್ನು ಮೊಳಕೈಯಿಂದ ಉರುಳಿಸಿದರು. ಒರೆಸುತ್ತ ಒರೆಸುತ್ತಲೇ ವಿಷಯ ಹೇಳಿದರು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದಿದ್ದಾರೆ. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ರೋಗ. ಮೊದಲು ಬದಿಯ ನೋಟ ಹೋಗುತ್ತದೆ, ಕೊನೆಗೆ ನಡುವಿನದು. ಹೋದದ್ದು ಮರಳುವುದಿಲ್ಲ. ತೋರಿಸಲು ಬಹಳ ತಡಮಾಡಿದ್ದರಂತೆ.

“ವರ್ಷ ಅಂತಾರ, ಎರಡು ವರ್ಷ ಅಂತಾರ. ಅಳೂದು ಕರೂದು ಎಲ್ಲಾ ಮನ್ಯಾಗ ಮುಗದೈತ್ರಿ. ನಂದು ಒಂದ ಆಸೆ ಉಳದೈತಿ. ಚುಕ್ಕಿ ದುಂಡಗಿರೂ ಫೋಟೋ ಒಂದು, ನನ್ನ ಕೈಲೆ ತಗದು, ನನ್ನ ಕೈಲೆ ತೊಳದು, ನನ್ನ ಕಣ್ಣಿಲೆ ನೋಡಬೇಕ್ರಿ. ಆಮ್ಯಾಲ ಅಂಗಡಿ ಬಾಗಲಾ ಹಾಕಿದ್ರೂ ಚಿಂತಿಲ್ಲ.”

“ನೋಡೇ ನೋಡತೀರಿ, ಗುರುಪಾದಪ್ಪಾರ. ಅದು ನನಗ ಬಿಡ್ರಿ,” ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು ಅದು.

ಹೊಸಬರಿಗೆ ಆಗ ಸಿಗುತ್ತಿದ್ದ ಕಂಪ್ಯೂಟರ್ ಮೌಂಟುಗಳಲ್ಲಿ ಎರಡು ಬಗೆ. ಒಂದು, ಮೇಲೆ ಕೆಳಗೆ ಮತ್ತು ಎಡಕ್ಕೆ ಬಲಕ್ಕೆ ಚಲಿಸುವ ಆಲ್ಟ್-ಅಜಿಮತ್. ಹೂಡುವುದು ಸುಲಭ, ಆದರೆ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಇಡೀ ಚಿತ್ರವೇ ನಿಧಾನವಾಗಿ ಸುತ್ತಿಕೊಳ್ಳುತ್ತದೆ. ಇನ್ನೊಂದು ಇಕ್ವಟೋರಿಯಲ್. ಇದರ ಒಂದು ಅಕ್ಷವನ್ನು ಧ್ರುವದ ಕಡೆಗೆ ಓರೆಯಾಗಿ ನಿಲ್ಲಿಸಿಬಿಟ್ಟರೆ ಒಂದೇ ಮೋಟಾರು ಆಕಾಶದ ಜೊತೆ ತಿರುಗುತ್ತದೆ. ಪುಣೆಯ ಮಾರಾಟಗಾರ ಫೋನಿನಲ್ಲಿ ಮೊದಲನೆಯದನ್ನೇ ಹೊಗಳಿದ. ಚಿತ್ರ ಸುತ್ತಿಕೊಳ್ಳುವ ಮಾತೆತ್ತಿ ಅವನ ಬಾಯಿ ಮುಚ್ಚಿಸಿದೆ. ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಹೆಮ್ಮೆ ಎರಡು ದಿನ ತಲೆಯಿಂದ ಇಳಿಯಲಿಲ್ಲ. ಇಕ್ವಟೋರಿಯಲ್ ಮೌಂಟೇ ಎಂದು ಬರೆದು ಸಹಿ ಮಾಡಿದೆ. ಬಗೆಯ ಆಯ್ಕೆ ಸರಿಯಾಗಿಯೇ ಇತ್ತು. ಎಡವಿದ್ದು ಮಾದರಿಯ ಆಯ್ಕೆಯಲ್ಲಿ.

ಆರ್ಡರ್ ಕಳಿಸುವ ಮೊದಲು ಕ್ಯಾಟಲಾಗನ್ನು ಗುರುಪಾದಪ್ಪನವರಿಗೆ ತೋರಿಸಿದ್ದೆ. ಅವರು ಪುಟವನ್ನು ಕಣ್ಣಿನ ಸಮೀಪ ಹಿಡಿದು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ, ನೋಡಿದ್ದು ಚಿತ್ರವನ್ನು.

“ಸರ, ಇದು ಧ್ರುವನ್ನ ನೋಡಕೋತ ನಿಂದರಬೇಕ್ಲಾ? ಚಿತ್ರದಾಗ ಬಾಳ ಮ್ಯಾಲ ನೋಡಾಕತ್ತೈತಿ. ನಮ್ಮ ಕಟಕೋಳದಾಗ ಕೈ ಚಾಚಿ ಹಿಡದ್ರ ಧ್ರುವ ಒಂದ ಗೇಣ ಸೈತ ಮ್ಯಾಲಿಲ್ಲ. ಇದು ಅಷ್ಟ ತೆಳಗ ಬಗ್ಗತೈತೇನ್ರಿ?”

“ಬಗ್ಗತೈತಿ ತಗೋರಿ. ಅದಕ್ಕಂತನ ಸ್ಕ್ರೂ ಇರತೈತಿ,” ಎಂದೆ, ಕ್ಯಾಟಲಾಗು ಮುಚ್ಚುತ್ತ.

ಆ ಪುಟದ ಹಿಂಬದಿಯಲ್ಲೇ ಸಣ್ಣ ಅಕ್ಷರದಲ್ಲಿ ಉತ್ತರವಿತ್ತು: ಅಕ್ಷಾಂಶದ ಹೊಂದಾಣಿಕೆ ಇಪ್ಪತ್ತರಿಂದ ಎಪ್ಪತ್ತು ಡಿಗ್ರಿ. ಒಂದು ಊರಿನ ಅಕ್ಷಾಂಶ ಎಷ್ಟೋ, ಅಲ್ಲಿ ಧ್ರುವನ ಎತ್ತರವೂ ಅಷ್ಟೇ. ಬೈಲಹೊಂಗಲದ ಅಕ್ಷಾಂಶ ಹದಿನೈದೂ ಮುಕ್ಕಾಲು ಡಿಗ್ರಿ. ಕೈ ಚಾಚಿದಾಗ ಒಂದು ಗೇಣು ಸುಮಾರು ಇಪ್ಪತ್ತು ಡಿಗ್ರಿ. ಯೂರೋಪು, ಅಮೆರಿಕದ ಆಕಾಶಕ್ಕೆಂದು ಮಾಡಿದ ಆ ಯಂತ್ರ ನಮ್ಮ ಧ್ರುವನಷ್ಟು ಕೆಳಕ್ಕೆ ಬಾಗುವುದಿಲ್ಲ ಎಂಬುದನ್ನು ಅವರು ಬರಿಯ ಚಿತ್ರ ನೋಡಿ ಹಿಡಿದಿದ್ದರು. ಇದೇ ಪಾಠವನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದ ನಾನು ಪುಟ ಮಗುಚಿ ಓದುವ ಕಷ್ಟ ತೆಗೆದುಕೊಳ್ಳಲಿಲ್ಲ.

ಯಂತ್ರ ಬರುವ ಮೊದಲೇ ದಾನಿಗಳು ಕಾಲೇಜಿನ ಮಾಳಿಗೆಯ ಮೇಲೆ ಮೂರಡಿ ಎತ್ತರದ ಸಿಮೆಂಟಿನ ಕಂಬ ಕಟ್ಟಿಸಿದರು. ಅದರ ತಲೆಗೆ ಬಿಳಿ ಕಲ್ಲು, ಕಲ್ಲಿನ ಅಂಚಿನಲ್ಲಿ ಅವರ ತಂದೆಯ ಹೆಸರು. ನಮ್ಮ ಕಡೆ ದಾನಕ್ಕೆ ಹೆಸರು ಅಂಟಿಕೊಂಡೇ ಇರುತ್ತದೆ, ಗುಡಿಯ ಫ್ಯಾನಿನ ರೆಕ್ಕೆಯ ಮೇಲೂ ಬರೆಸುತ್ತೇವೆ. “ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸ್ಯಾರಲ್ರಿ!” ಎಂದು ಗುರುಪಾದಪ್ಪನವರು ನಕ್ಕಿದ್ದರು. ಗೌಂಡಿ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವಂತೆ ಕಲ್ಲು ಕೂಡಿಸಿದ. ಜನವರಿ ಇಪ್ಪತ್ತಾರಕ್ಕೆ ಉದ್ಘಾಟನೆ ಎಂದು ಗೊತ್ತಾಯಿತು.

ಡಿಸೆಂಬರ್ ಕೊನೆಯ ವಾರ ಯಂತ್ರ ಬಂತು. ಅದರದೇ ಮೂರು ಕಾಲಿನ ಸ್ಟ್ಯಾಂಡನ್ನು ಸ್ಟೋರ್ ರೂಮಿಗೆ ತಳ್ಳಿ, ಮೌಂಟನ್ನು ಕಂಬದ ಕಲ್ಲಿಗೆ ನಾಲ್ಕು ಬೋಲ್ಟುಗಳಿಂದ ಬಿಗಿಸಿದೆವು. ಅಕ್ಷವನ್ನು ಕೆಳಗಿಳಿಸಲು ಸ್ಕ್ರೂ ತಿರುಗಿಸಿದೆ. ಇಪ್ಪತ್ತಕ್ಕೆ ಬಂದು ಕಟ್ ಎಂದು ನಿಂತಿತು. ಮತ್ತೆ ತಿರುಗಿಸಿದೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಆಗ ಕ್ಯಾಟಲಾಗು ತೆಗೆದು ಆ ಸಾಲು ಓದಿದೆ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಗುರುಪಾದಪ್ಪನವರ ನೆನಪಾಗಲಿಲ್ಲ. ನೆನಪಾದದ್ದು ದಾನಿಗಳ ಮುಖ ಮತ್ತು ನನ್ನ ಸಹಿ. ಯಾರಿಗೂ ಹೇಳಲಿಲ್ಲ. ನಾಲ್ಕೂಕಾಲು ಡಿಗ್ರಿ ಏನು ಮಹಾ, ಕಂಪ್ಯೂಟರ್ ಇದೆ, ಅದು ಸರಿಮಾಡಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಜನವರಿಯಲ್ಲಿ ಇನ್ನೊಂದು ಧೂಮಕೇತು ಬಂದಿತ್ತು. ೧೯೯೭ರದರಷ್ಟು ದೊಡ್ಡದಲ್ಲ, ಮಸುಕು ಉಂಡೆಯಂಥದು. ಆದರೆ ಮೊದಲ ವಾರದ ಕೊನೆಗೆ ಅದು ಕೃತ್ತಿಕೆಯ ಪಕ್ಕದಲ್ಲೇ ಹಾಯುತ್ತಿತ್ತು. ಕೃತ್ತಿಕೆಯ ಚುಕ್ಕಿಗಳ ಗೊಂಚಲು, ಬದಿಗೆ ಬಾಲದ ಚುಕ್ಕಿ. ಹೊಸಬನ ಮೊದಲ ಫೋಟೋಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಚಂದ್ರನ ಬೆಳಕೂ ಇರಲಿಲ್ಲ. ರಾತ್ರಿ ಎಂಟಕ್ಕೆಲ್ಲ ನೆತ್ತಿಯ ಹತ್ತಿರವೇ ಕಾಣುತ್ತಿತ್ತು.

ಜನವರಿ ಆರರಂದು ಗುರುಪಾದಪ್ಪನವರು ತಮ್ಮ ಹಳೆಯ ಕ್ಯಾಮೆರಾ, ಕಪ್ಪು-ಬಿಳುಪು ರೀಲು, ತೊಳೆಯುವ ಔಷಧಿ ಎಲ್ಲ ಕಟ್ಟಿಕೊಂಡು ಬಂದರು. ಬದಿಯ ನೋಟ ಆಗಲೇ ಸಾಕಷ್ಟು ಹೋಗಿತ್ತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದರು. ಆದರೆ ಕ್ಯಾಮೆರಾ ಕಣ್ಣಿಗೆ ಹಚ್ಚಿದರೆ ನಡುವಿನ ನೋಟ ಇನ್ನೂ ಚುರುಕಾಗಿತ್ತು. ದೂರದರ್ಶಕದ ಬೆನ್ನ ಮೇಲೆ ಕ್ಯಾಮೆರಾ ಕೂಡಿಸಿದೆವು. ಕಂಪ್ಯೂಟರಿಗೆ ಎರಡು ನಕ್ಷತ್ರ ತೋರಿಸಿ ಕೃತ್ತಿಕೆ ಎಂದೊಡನೆ ಯಂತ್ರ ಗುಂಯ್‌ಗುಟ್ಟುತ್ತ ತಾನೇ ಹೋಗಿ ನಿಂತಿತು. “ಅಬಬಬ! ಕರದ ಕೂಡ್ಲೆ ಹೊಕ್ಕೈತಲ್ರಿ!” ಎಂದು ಅವರು ಕೈ ತಟ್ಟಿದರು. ನೋಡಿದೆಯಾ, ಕಂಪ್ಯೂಟರ್ ಎಲ್ಲ ಸರಿಮಾಡಿಕೊಂಡಿತು ಎಂದು ನಾನೂ ಒಳಗೊಳಗೇ ಬೀಗಿದೆ. ಐದೈದು ನಿಮಿಷದ ಆರು ಫೋಟೋ ತೆಗೆದರು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಬಚ್ಚಲಲ್ಲೇ ರೀಲು ತೊಳೆದರು. ಒಣಗಿದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿ ನನ್ನ ಕೈಗೆ ಕೊಟ್ಟರು. ಗೆರೆಗಳು ೧೯೯೭ರಷ್ಟು ಉದ್ದವಿರಲಿಲ್ಲ. ಆದರೂ ಒಂದು ಚುಕ್ಕಿಯೂ ದುಂಡಗಿರಲಿಲ್ಲ.

“ಸಾಸಿವಿ ಆಗಬೇಕಾಗಿತ್ತು, ಜೀರಗಿ ಆಗ್ಯಾವ್ರಿ,” ಎಂದರು.

ನಕ್ಷತ್ರ ಹುಡುಕುವ ಕೆಲಸವನ್ನು ಕಂಪ್ಯೂಟರ್ ಸರಿಮಾಡಿಕೊಂಡಿತ್ತು. ಹಿಂಬಾಲಿಸುವ ಕೆಲಸ ಮಾತ್ರ ಅಕ್ಷದ್ದು, ಅಕ್ಷ ನಾಲ್ಕೂಕಾಲು ಡಿಗ್ರಿ ತಪ್ಪು ದಿಕ್ಕಿಗೆ ನೋಡುತ್ತಿತ್ತು. ಆಗ ನಾನು ಸ್ಕ್ರೂನ ಸಂಗತಿ ಹೇಳಲೇಬೇಕಾಯಿತು. ನೀವು ಅಂದಿದ್ದೇ ನಿಜ ಎಂದು ಒಪ್ಪಿಕೊಂಡೆ. ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಆಗಲೇ ಮುಂದಿನ ಕೆಲಸಕ್ಕೆ ಹೋಗಿದ್ದರು.

“ಅದರದ ಸ್ಟ್ಯಾಂಡ್ ಐತೆಲ್ರಿ? ಕಂಬದ ಮ್ಯಾಲಿಂದ ಬಿಚ್ಚಿ ಅದರ ಮ್ಯಾಲ ಕುಂದ್ರಸೂಣು. ದಕ್ಷಿಣದ ಕಾಲಿನ ತೆಳಗ ಒಂದ ಇಟ್ಟಂಗಿ ಇಟ್ರ ಇಡೀ ಯಂತ್ರನ ಉತ್ತರಕ್ಕ ಬಗ್ಗತೈತಿ. ಇವತ್ತ ಸಂಜಿಕೇ ಆಕ್ಕೈತಿ.”

ಇಲ್ಲಿ ನಾನು ಆಡಿದ ಮಾತುಗಳನ್ನು ಬರೆಯಲು ನಾಚಿಕೆಯಾಗುತ್ತದೆ. “ಸ್ಟ್ಯಾಂಡ್ ಯಾವಾಗ್ಲೂ ರಸಮಟ್ಟದಾಗ ಇರಬೇಕಂತ ಮ್ಯಾನುವಲ್‌ದಾಗ ಬರದಾರ. ಓರೆ ಇಟ್ರ ಯಂತ್ರ ಕೆಡತೈತಿ,” ಎಂದೆ. ಭೌತಶಾಸ್ತ್ರ ಕಲಿಸುವವನಾಗಿ ನನಗೆ ಗೊತ್ತಿರಬೇಕಿತ್ತು, ಇಕ್ವಟೋರಿಯಲ್ ಮೌಂಟಿಗೆ ಅಕ್ಷದ ದಿಕ್ಕು ಮುಖ್ಯವೇ ಹೊರತು ಕೆಳಗಿನ ಕಾಲು ಮಟ್ಟಸವಾಗಿದೆಯೋ ಓರೆಯಾಗಿದೆಯೋ ಎಂಬುದಲ್ಲ. ಯಂತ್ರ ಉರುಳದಿದ್ದರೆ ಸಾಕು. ಗೊತ್ತಿರಬೇಕಿತ್ತು ಏನು, ಗೊತ್ತಿತ್ತು. ನಿಜವಾದ ಕಾರಣ ಬೇರೆ. ಉದ್ಘಾಟನೆಗೆ ಇನ್ನು ಹತ್ತೊಂಬತ್ತು ದಿನ. ಬೋಲ್ಟು ಬಿಚ್ಚುವಾಗ ಹೆಸರಿನ ಕಲ್ಲಿಗೆ ಸೀಳು ಬಿದ್ದರೆ? ಮಾಳಿಗೆಗೆ ಬಂದ ದಾನಿಗಳು ಖಾಲಿ ಕಂಬವನ್ನೂ ಇಟ್ಟಿಗೆಯ ಮೇಲೆ ನಿಂತ ತಮ್ಮ ಯಂತ್ರವನ್ನೂ ಕಂಡರೆ? ಸಹಿ ಮಾಡಿದವನು ಯಾರು ಎಂದು ಕೇಳಿದರೆ?

“ಇಪ್ಪತ್ತಾರು ಮುಗೀಲಿ. ಪುಣೆಕ ಪತ್ರ ಬರೀತೇನಿ, ಬಗ್ಗಸಾಕ ಕೆಳಗ ಹಾಕೂ ಭಾಗ ಕಳಸ್ತಾರ. ಶಿವರಾತ್ರಿ ಒಳಗ ಸರಿ ಮಾಡೂಣು.”

ಅವರು ನನ್ನ ಮುಖವನ್ನೇ ನೋಡಿದರು. ಪೂರ್ತಿ ನೋಡಲು ತಲೆಯನ್ನು ಆಚೆ ಈಚೆ ಹೊರಳಿಸಬೇಕಾಯಿತು.

“ಧೂಮಕೇತು ಶಿವರಾತ್ರಿ ತನಕ ನಿಂದ್ರತೈತೇನ್ರಿ?” ಎಂದರು. ನಾನು ರೀಲನ್ನು ಸುತ್ತತೊಡಗಿದೆ. “ಆತ್ರಿ. ನೀವು ಓದಿದವರು, ನಿಮಗ ತಿಳೀತೈತಿ.” ಮರುದಿನ, ಎಂಟನೆಯ ತಾರೀಖು, ಬೆಳಗಿನ ಬಸ್ಸಿಗೆ ಊರಿಗೆ ಹೋದರು. ಅಂದು ಸಂಜೆ ಕೃತ್ತಿಕೆಯ ಬದಿಗೆ ಧೂಮಕೇತು ಹೊಳೆಯುತ್ತಿದ್ದುದನ್ನು ನಾನೊಬ್ಬನೇ ಮಾಳಿಗೆಯ ಮೇಲೆ ನಿಂತು ನೋಡಿದೆ. ಆದರೂ ಸ್ಟೋರ್ ರೂಮಿನ ಕೀಲಿ ಜೇಬಿನಲ್ಲೇ ಉಳಿಯಿತು.

ಉದ್ಘಾಟನೆ ಚೆನ್ನಾಗಿ ಆಯಿತು. ಕಾಯಿ ಒಡೆದರು, ಫೇಡೆ ಹಂಚಿದರು. ದಾನಿಗಳು ಒಳ್ಳೆಯ ಮನುಷ್ಯ. ಕಂಬದ ಮೇಲೆ ಕೈಯಾಡಿಸಿ, “ಉಪಯೋಗ ಆಗಲಿ, ಅಷ್ಟ ಸಾಕ್ರಿ,” ಎಂದರು. ಮೊದಲೇ ಹೋಗಿ ಕೇಳಿದ್ದರೆ ಬಿಚ್ಚಿಕೊಳ್ಳಿರಿ ಎನ್ನುತ್ತಿದ್ದರು ಎಂದು ಆಗ ಅನ್ನಿಸಿತು. ನಾನು ಕೇಳಿರಲೇ ಇಲ್ಲ. ಪುಣೆಯಿಂದ ಮೂರು ವಾರದ ಮೇಲೆ ಉತ್ತರ ಬಂತು, ಅಂಥ ಭಾಗ ಅವರಲ್ಲಿ ಇಲ್ಲವಂತೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು. ಫೆಬ್ರುವರಿ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಕಳೆಯಿತು. ಧೂಮಕೇತು ಕೃತ್ತಿಕೆಯನ್ನು ಬಿಟ್ಟು ಬಡಗಣಕ್ಕೆ ಸರಿದು ಮಾಸಿಹೋಯಿತು.

ಮಾರ್ಚ್ ಕೊನೆಗೆ ಒಂದು ಸಂಜೆ ತಡೆಯಲಾರದೆ ಪಾನಾ ಹಿಡಿದು ಮಾಳಿಗೆ ಹತ್ತಿದೆ. ನಾಲ್ಕು ಬೋಲ್ಟು ಬಿಚ್ಚಲು ಹತ್ತು ನಿಮಿಷ. ಕಲ್ಲಿಗೆ ಒಂದು ಗೀರೂ ಬೀಳಲಿಲ್ಲ. ಕಾಲುಗಳ ಅಂತರ ಅಳೆದು ಲೆಕ್ಕ ಹಾಕಿದೆ. ನಾಲ್ಕೂಕಾಲು ಡಿಗ್ರಿ ಬಗ್ಗಿಸಲು ದಕ್ಷಿಣದ ಕಾಲು ಆರೂವರೆ ಸೆಂಟಿಮೀಟರ್ ಏರಬೇಕು. ಮೂಲೆಯಲ್ಲಿ ಬಿದ್ದಿದ್ದ ಇಟ್ಟಿಗೆಯ ದಪ್ಪ ಏಳು ಸೆಂಟಿಮೀಟರ್. ಉಳಿದ ಅರ್ಧವನ್ನು ಸ್ಕ್ರೂ ಸರಿದೂಗಿಸಿತು. ನನ್ನ ಕ್ಯಾಮೆರಾದಲ್ಲಿ ಐದು ನಿಮಿಷದ ಫೋಟೋ ತೆಗೆದೆ. ರೀಲು ತೊಳೆಸಿ ನೋಡಿದರೆ ಚುಕ್ಕಿಗಳೆಲ್ಲ ಸಾಸಿವೆ ಕಾಳುಗಳು. ಸಂತೋಷದ ಬದಲು ಅಳು ಬಂತು.

ಕೂಡಲೇ ರಾಮದುರ್ಗಕ್ಕೆ ಫೋನು ಮಾಡಿದೆ. ಎತ್ತಿದವರು ಅವರ ಹೆಂಡತಿ ನೀಲವ್ವ. ಕಣ್ಣಿನ ಒತ್ತಡ ಒಮ್ಮೆಲೇ ಏರಿ ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿದೆ, ಬಂದ ಮೇಲೆ ಕಳಿಸುತ್ತೇನೆ ಎಂದರು. ಏಪ್ರಿಲ್ ಎರಡನೆಯ ವಾರ ಇಬ್ಬರೂ ಕೂಡಿ ಬಂದರು. ಮಾಳಿಗೆಯ ಮೆಟ್ಟಿಲು ಹತ್ತುವಾಗ ನೀಲವ್ವ ಅವರ ಕೈ ಹಿಡಿದಿದ್ದರು. ಗುರುಪಾದಪ್ಪನವರು ಬಗ್ಗಿ ಇಟ್ಟಿಗೆಯನ್ನು ತಡವಿ ನೋಡಿ ನಕ್ಕರು. ಸಂಜೆ ಏಳೂವರೆ, ಪಡುವಣದಲ್ಲಿ ಮೃಗಶಿರ ಇನ್ನೂ ಎತ್ತರದಲ್ಲಿತ್ತು. ಯಂತ್ರ ಅದರ ಕಡೆ ತಿರುಗಿ ನಿಂತಿತು. ಅವರು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರು. ಎಡಗಣ್ಣು, ಆಮೇಲೆ ಬಲಗಣ್ಣು, ಮತ್ತೆ ಎಡಗಣ್ಣು.

“ಸರ, ಲೆನ್ಸಿನ ಮುಚ್ಚಳ ತಗದೀರೇನ್ರಿ?”

ಮುಚ್ಚಳ ನನ್ನ ಅಂಗೈಯಲ್ಲಿತ್ತು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದರು. “ತಗದೇನ್ರಿ,” ಎಂದೆ.

ಅವರು ಶಟರಿನ ವಾಯರನ್ನು ನನ್ನ ಕೈಗೆ ಕೊಟ್ಟರು. “ನೀವ ಒತ್ತರಿ.”

“ಗುರಿ ನಾ ಹಿಡದೇನಿ. ನೀವ ಬರೇ ಒತ್ತಿದ್ರ ಸಾಕು. ನಿಮ್ಮ ಕೈಲೇ ಆಗಲಿ, ಗುರುಪಾದಪ್ಪಾರ.”

“ಇಲ್ರಿ ಸರ. ಕಾಣಲಾರದ್ದರ ಫೋಟೋ ಇವತ್ತಿನ ತನಕ ತಗದಿಲ್ಲ.”

ನಾನೇ ಒತ್ತಿದೆ. ಐದು ನಿಮಿಷದ ಮೇಲೆ ಶಟರ್ ಮುಚ್ಚಿದೆ. ಚಿತ್ರ ಬಹಳ ಚೆನ್ನಾಗಿ ಬಂತು. ದೊಡ್ಡದಾಗಿ ಪ್ರಿಂಟು ಹಾಕಿಸಿ, ಚೌಕಟ್ಟು ಕಟ್ಟಿಸಿ, ಮೇ ತಿಂಗಳಲ್ಲಿ ರಾಮದುರ್ಗಕ್ಕೆ ಒಯ್ದೆ. ಗುರುಪಾದಪ್ಪನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಗಾಜಿನ ಮೇಲೆ ಬೆರಳಾಡಿಸಿದರು.

“ದುಂಡಗ ಬಂದಾವೇನ್ರಿ?”

“ಎಲ್ಲಾ ದುಂಡಗ ಬಂದಾವ್ರಿ.”

“ಚಲೋ ಆತು. ಚಲೋ ಆತು ಬಿಡ್ರಿ,” ಎಂದರು. ನಿಜವಾಗಿಯೂ ಸಂತೋಷಪಟ್ಟರು, ಅದೇ ನನ್ನನ್ನು ಹೆಚ್ಚು ಸುಟ್ಟಿತು. ಚಹಾ ಆಯಿತು. ನಾನು ಎದ್ದು ಹೊರಟಾಗ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನನ್ನ ಕಡೆ ಚಾಚಿದರು.

“ಇದು ನಿಮ್ಮ ಫೋಟೋರಿ ಸರ. ನಿಮ್ಮ ಮನ್ಯಾಗ ಹಚ್ಚರಿ. ನಮ್ಮ ಗ್ವಾಡಿಗೆ ನಾ ತಗದದ್ದಷ್ಟ ಇರತಾವು.”

ಸಿಟ್ಟಿನಿಂದ ಆಡಿದ ಮಾತಲ್ಲ. ಬೇರೆಯವರ ಕೆಲಸಕ್ಕೆ ತನ್ನ ಹೆಸರು ಹಾಕಿಕೊಳ್ಳದ ಕಸುಬುದಾರನ ಮಾತು. ನಾನು ಚೌಕಟ್ಟನ್ನು ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಮನೋಳಿ ದಾಟುವವರೆಗೂ ಅದನ್ನು ಎಲ್ಲಿಡಬೇಕು ಎಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಇಂದಿಗೂ ನಾನು ಅದನ್ನು ಗೋಡೆಗೆ ಹಚ್ಚಿಲ್ಲ.

ಮೌಂಟ್ ಆರಿಸುವ ಹೊಸಬರು ಈಗಲೂ ನನ್ನನ್ನು ಕೇಳುತ್ತಾರೆ. ನಿಮ್ಮ ಊರಿನ ಅಕ್ಷಾಂಶ ಮೊದಲು ನೋಡಿರಿ, ಯಂತ್ರ ಅಷ್ಟು ಕೆಳಕ್ಕೆ ಬಾಗುತ್ತದೆಯೇ ಎಂದು ಬರೆಯಿಸಿಕೊಳ್ಳಿರಿ, ಭಾರ ಹೊರುವ ಶಕ್ತಿ ನೋಡಿರಿ, ಕಂಪ್ಯೂಟರಿನ ಮಾತು ಕೊನೆಗಿರಲಿ ಎನ್ನುತ್ತೇನೆ. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ನನ್ನ ನೌಕರಿ ನನಗೆ ಕಲಿಸಿದ್ದು ಬೇರೆ. ತಪ್ಪು ಯಾರಿಂದಲಾದರೂ ಆಗುತ್ತದೆ. ಅದನ್ನು ತಿದ್ದಲು ಒಂದು ಇಟ್ಟಿಗೆ ಸಾಕಿತ್ತು, ಒಂದು ಸಂಜೆ ಸಾಕಿತ್ತು. ನಾನು ಶಿವರಾತ್ರಿ ದಾಟುವ ತನಕ ಸಮಯ ತೆಗೆದುಕೊಂಡೆ. ಆ ಸಮಯ ನನ್ನದಾಗಿರಲಿಲ್ಲ, ಗುರುಪಾದಪ್ಪನವರದಾಗಿತ್ತು.